ಕಲ್ಲಿದ್ದಲು: ಅವಸರದ ಗಣಿ, ಆರದ ಬೆಂಕಿ

ಜಾರ್ಖಂಡ್‌ನ ಧನ್‌ಬಾದ್ ಜಿಲ್ಲೆಯ ಝರಿಯಾದಲ್ಲಿ ನೆಲದಡಿಯ ಕಲ್ಲಿದ್ದಲಿಗೆ ಬೆಂಕಿ ತಗುಲಿರುವುದು ಮೊದಲು ಗೊತ್ತಾದದ್ದು 1916ರಲ್ಲಿ. ನೂರು ವರ್ಷ ಕಳೆದರೂ ಅಲ್ಲಿನ ಬೆಂಕಿ ಪೂರ್ತಿ ಆರಿಲ್ಲ. ಅದರ ಕಾರಣ ಹುಡುಕಹೊರಟರೆ ಭಾರತದ ಕಲ್ಲಿದ್ದಲು ಉದ್ಯಮದ ಇತಿಹಾಸವೇ ಎದುರಾಗುತ್ತದೆ.

ಈಸ್ಟ್ ಇಂಡಿಯಾ ಕಂಪನಿಯ ಸಮ್ನರ್ ಮತ್ತು ಹೀಟ್ಲಿ 1774ರಲ್ಲಿ ಬಂಗಾಳದ ರಾಣಿಗಂಜ್ ಪ್ರದೇಶದಲ್ಲಿ ಗಣಿಗಾರಿಕೆ ಆರಂಭಿಸಿದರು. ಬೇಡಿಕೆಯಿಲ್ಲದೆ ಉದ್ಯಮ ದಶಕಗಳ ಕಾಲ ಕುಂಟಿತು. ಅದಕ್ಕೆ ಜೀವ ಕೊಟ್ಟದ್ದು ರೈಲು. 1855ರಲ್ಲಿ ರಾಣಿಗಂಜ್‌ಗೆ ರೈಲು ಬಂತು. ಎಂಜಿನ್ನಿಗೆ ಕಲ್ಲಿದ್ದಲು ಬೇಕು, ಕಲ್ಲಿದ್ದಲು ಸಾಗಿಸಲು ರೈಲು ಬೇಕು. 1900ರಲ್ಲಿ ಸುಮಾರು 61 ಲಕ್ಷ ಟನ್ ಇದ್ದ ವಾರ್ಷಿಕ ಉತ್ಪಾದನೆ 1946ರ ವೇಳೆಗೆ ಮೂರು ಕೋಟಿ ಟನ್ ಮುಟ್ಟಿತು.

ಈ ಓಟದಲ್ಲಿ ಗಣಿಯ ಮೂಲ ನಿಯಮವೇ ಮರೆತುಹೋಯಿತು. ನೆಲದಡಿಯಲ್ಲಿ ಕಲ್ಲಿದ್ದಲು ತೆಗೆಯುವಾಗ ಮಾಡು ಕುಸಿಯದಂತೆ ಅಲ್ಲಲ್ಲಿ ಕಲ್ಲಿದ್ದಲಿನದೇ ಕಂಬಗಳನ್ನು ಬಿಡಬೇಕು. ಕೊನೆಗೆ ಆ ಕಂಬಗಳನ್ನೂ ತೆಗೆಯುವುದಾದರೆ ಖಾಲಿ ಜಾಗಕ್ಕೆ ಮರಳು ತುಂಬುವುದು ಕ್ಷೇಮ. ಅದು ಖರ್ಚಿನ ಕೆಲಸ. ಬೇಗ ಲಾಭ ಬಯಸಿದ ಅನೇಕ ಖಾಸಗಿ ಮಾಲೀಕರು ಕಂಬ ಕೊರೆದರು, ಮರಳು ತುಂಬಲಿಲ್ಲ. ನೆಲ ಕುಸಿದು ಬಿರುಕು ಬಿಟ್ಟಿತು. ಬಿರುಕಿನೊಳಗೆ ಹೊಕ್ಕ ಗಾಳಿ ಸೋಕಿದರೆ ಒಳಗುಳಿದ ಕಲ್ಲಿದ್ದಲು ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಝರಿಯಾದಲ್ಲಿ ಹೀಗೆ ಸುಟ್ಟುಹೋದದ್ದು ಉಕ್ಕು ತಯಾರಿಕೆಗೆ ಬೇಕಾದ, ದೇಶದಲ್ಲಿ ವಿರಳವಾದ ಕೋಕಿಂಗ್ ಕಲ್ಲಿದ್ದಲು.

ಈ ಅಪವ್ಯಯವನ್ನೂ ಕಾರ್ಮಿಕರ ದುಃಸ್ಥಿತಿಯನ್ನೂ ಮುಂದಿಟ್ಟು ಇಂದಿರಾ ಗಾಂಧಿ ಸರ್ಕಾರ 1972ರಲ್ಲಿ ಕೋಕಿಂಗ್ ಗಣಿಗಳನ್ನು, 1973ರಲ್ಲಿ ಉಳಿದವನ್ನು ರಾಷ್ಟ್ರೀಕರಿಸಿತು. ಟಾಟಾ ಉಕ್ಕು ಕಾರ್ಖಾನೆಯ ಗಣಿಗಳಂಥ ಕೆಲವಕ್ಕೆ ವಿನಾಯಿತಿ ದೊರೆಯಿತು. 1975ರ ನವೆಂಬರ್‌ನಲ್ಲಿ ಕೋಲ್ ಇಂಡಿಯಾ ಹುಟ್ಟಿತು. ಮರು ತಿಂಗಳೇ, ಡಿಸೆಂಬರ್ 27ರಂದು, ಸರ್ಕಾರಿ ಆಡಳಿತದಲ್ಲಿದ್ದ ಧನ್‌ಬಾದ್‌ನ ಚಸ್ನಾಲಾ ಗಣಿಗೆ ನೀರು ನುಗ್ಗಿ 375 ಮಂದಿ ಸತ್ತರು. ಹಳೆಯ ಗಣಿಯಲ್ಲಿ ನಿಂತಿದ್ದ ನೀರೇ ಅವರ ಪಾಲಿನ ಮೃತ್ಯುವಾಯಿತು. ಒಡೆಯ ಬದಲಾದ ಮಾತ್ರಕ್ಕೆ ಗಣಿ ಸುರಕ್ಷಿತವಾಗದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಈಗ ದೇಶದ ಬಹುಪಾಲು ಕಲ್ಲಿದ್ದಲು ತೆರೆದ ಗಣಿಗಳಿಂದ ಬರುತ್ತದೆ. 2024–25ರಲ್ಲಿ ಉತ್ಪಾದನೆ ನೂರು ಕೋಟಿ ಟನ್ ದಾಟಿತು. ಮಾರಾಟಕ್ಕಾಗಿಯೇ ಕಲ್ಲಿದ್ದಲು ತೆಗೆಯಲು ಖಾಸಗಿಯವರಿಗೆ ಗಣಿಗಳನ್ನು ಹರಾಜು ಹಾಕುವ ಪ್ರಕ್ರಿಯೆ 2020ರಲ್ಲಿ ಶುರುವಾಯಿತು. ಗಣಿಯಿಲ್ಲದ ಕರ್ನಾಟಕಕ್ಕೂ ಇದು ದೂರದ ಮಾತಲ್ಲ. ರಾಯಚೂರಿನ ಶಾಖೋತ್ಪನ್ನ ಸ್ಥಾವರ ನಡೆಯುವುದು ಹೊರಗಿನಿಂದ ಬರುವ ಕಲ್ಲಿದ್ದಲಿನಿಂದ.

ಝರಿಯಾದ ಬೆಂಕಿಪೀಡಿತ ಪ್ರದೇಶದ ಜನರಿಗೆ ಬೇರೆಡೆ ನೆಲೆ ಕಲ್ಪಿಸಲು ಕೇಂದ್ರವು 2009ರಲ್ಲಿ ಯೋಜನೆ ಒಪ್ಪಿತು. 2025ರಲ್ಲಿ ಅದನ್ನು ಪರಿಷ್ಕರಿಸಬೇಕಾಯಿತು. ಅಂದು ಮಾಲೀಕರು ಉಳಿಸಿದ ಮರಳಿನ ಖರ್ಚನ್ನು ಇಂದಿಗೂ ಅಲ್ಲಿನ ನಿವಾಸಿಗಳು ತೆರುತ್ತಿದ್ದಾರೆ.