ಬಿನ್ನಿ ಗಿರಣಿಯೂ ಕೂಲಿಕಾರರ ಸಂಘವೂ

ಚೆನ್ನೈ ನಗರದ ಉತ್ತರಕ್ಕಿರುವ ಪೆರಂಬೂರು ನಮ್ಮಲ್ಲಿ ಅನೇಕರಿಗೆ ರೈಲುಗಾಡಿಯ ಕಾರ್ಖಾನೆಯಿಂದ ಪರಿಚಿತವಾದ ಹೆಸರು. ಭಾರತದ ಕಾರ್ಮಿಕ ಚರಿತ್ರೆಯಲ್ಲಿ ಆ ಹೆಸರಿಗೆ ಇನ್ನೂ ಹಿರಿದಾದ ಸ್ಥಾನವಿದೆ. ಅಲ್ಲಿದ್ದ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳನ್ನು ನಡೆಸುತ್ತಿದ್ದುದು ಬಿನ್ನಿ ಕಂಪನಿ. ಬೆಂಗಳೂರಿನ ಉಣ್ಣೆ, ಹತ್ತಿ, ರೇಷ್ಮೆ ಗಿರಣಿಯ ಆಡಳಿತವೂ ಅದರದೇ. ‘ಬಿನ್ನಿ ಮಿಲ್ಲು’ ಎಂದರೆ ಯಾವುದೆಂದು ಹಳೆಯ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲನೆಯ ಮಹಾಯುದ್ಧದ ಕಾಲ. ಧಾನ್ಯದ ಬೆಲೆ ಏರಿತ್ತು, ಕೂಲಿ ಏರಿರಲಿಲ್ಲ. ನಡುಹಗಲಿನ ಊಟಕ್ಕೆ ದೊರೆಯುತ್ತಿದ್ದುದು ಅರ್ಧ ಗಂಟೆ. ಕೈ ತೊಳೆದು ಬುತ್ತಿ ಬಿಚ್ಚುವಷ್ಟರಲ್ಲೇ ಅದು ಮುಗಿಯುತ್ತಿತ್ತು. ಸೆಲ್ವಪತಿ ಚೆಟ್ಟಿಯಾರ್ ಮತ್ತು ರಾಮಾನುಜಲು ನಾಯ್ಡು ಎಂಬ ಸ್ಥಳೀಯ ಗೃಹಸ್ಥರು ಈ ದುಃಖವನ್ನು ಅನಿಬೆಸಂಟರ ಸಹಚರರಾದ ಬಿ. ಪಿ. ವಾಡಿಯಾ ಅವರಿಗೆ ಅರುಹಿದರು. 1918ರ ಏಪ್ರಿಲ್ 27ರಂದು ಮದರಾಸು ಕಾರ್ಮಿಕ ಸಂಘ ಸ್ಥಾಪಿತವಾಯಿತು. ವಾಡಿಯಾ ಅಧ್ಯಕ್ಷರಾದರು. ತಮಿಳಿನ ಹಿರಿಯ ಸಾಹಿತಿ ತಿರು ವಿ. ಕಲ್ಯಾಣಸುಂದರ ಮುದಲಿಯಾರರು ಅವರಿಗೆ ಹೆಗಲು ಕೊಟ್ಟರು.

ಇದಕ್ಕೆ ಮಾಲೀಕರು ತೋರಿದ ಪ್ರತಿಕ್ರಿಯೆಯೇ ನಮ್ಮ ಇಂದಿನ ವಿಷಯ. ಮೊದಲು ಅವರು ಸಂಘವೊಂದಿದೆ ಎಂದೇ ಒಪ್ಪಲಿಲ್ಲ. ಕೂಲಿಕಾರನು ತನ್ನ ಕಷ್ಟವನ್ನು ತಾನೇ ಬಂದು ಹೇಳಿಕೊಳ್ಳಲಿ, ಹೊರಗಿನವರಿಗೆ ಇಲ್ಲೇನು ಕೆಲಸ, ಎಂಬುದು ಅವರ ವಾದ. ಒಬ್ಬಂಟಿಯಾಗಿ ಬಾಯಿ ಬಿಟ್ಟವನಿಗೆ ಮರುದಿನ ಕೆಲಸವಿರುವುದೆಂಬ ಭರವಸೆ ಯಾರಿಗಿತ್ತು? ಯುದ್ಧಕಾಲದಲ್ಲಿ ಮುಷ್ಕರ ಹೂಡಬೇಡಿರೆಂದು ವಾಡಿಯಾ ಅವರೇ ಕೂಲಿಕಾರರನ್ನು ತಡೆದಿದ್ದರು. ಆದರೂ 1918ರಲ್ಲೇ ಕಂಪನಿಯು ಗಿರಣಿಗಳಿಗೆ ಬೀಗ ಹಾಕಿತು.

1920ರ ಡಿಸೆಂಬರಿನಲ್ಲಿ ಕಲಹ ಬಲಿಯಿತು. ಪೊಲೀಸರು ಗುಂಡು ಹಾರಿಸಿದರು, ಪ್ರಾಣಹಾನಿಯಾಯಿತು. ಗಿರಣಿಗಳು ಮತ್ತೆ ಮುಚ್ಚಿದವು. ಈ ಬಾರಿ ಕಂಪನಿಯು ಹೈಕೋರ್ಟಿನ ಮೆಟ್ಟಿಲೇರಿತು. ಕೂಲಿಕಾರರು ತಮ್ಮ ಕರಾರನ್ನು ಮುರಿಯುವಂತೆ ಸಂಘದ ಮುಖಂಡರು ಪ್ರೇರೇಪಿಸಿದರು, ಅದರಿಂದಾದ ನಷ್ಟವನ್ನು ಅವರೇ ತುಂಬಿಕೊಡಬೇಕು, ಎಂದು ದಾವೆ ಹೂಡಿತು. ನ್ಯಾಯಾಲಯವು ಮುಖಂಡರ ಮೇಲೆ ತಡೆಯಾಜ್ಞೆ ಹೊರಡಿಸಿತು. ಇಂಗ್ಲೆಂಡಿನಲ್ಲಿ 1906ರ ಶಾಸನವು ಇಂತಹ ದಾವೆಗಳಿಂದ ಸಂಘಗಳಿಗೆ ರಕ್ಷಣೆ ಕೊಟ್ಟಿತ್ತು. ತವರುನಾಡಿನಲ್ಲಿ ಸಲ್ಲದ್ದು ಮದರಾಸಿನಲ್ಲಿ ಸಂದಿತು! ಕೊನೆಗೆ ವಾಡಿಯಾ ಸಂಘದ ಸಂಬಂಧವನ್ನು ಬಿಡುವ ಒಪ್ಪಂದದ ಮೇಲೆ ವ್ಯಾಜ್ಯ ನಿಂತಿತು.

1921ರಲ್ಲಿ ಮತ್ತೆ ಮುಷ್ಕರವಾದಾಗ ಕೂಲಿಕಾರರಲ್ಲೇ ಜಾತಿಯ ಬಿರುಕು ಬಿಟ್ಟಿತು. ಆದಿದ್ರಾವಿಡರಲ್ಲಿ ಅನೇಕರು ಕೆಲಸಕ್ಕೆ ಮರಳಿದರು. ಪುಳಿಯಂತೋಪಿನಲ್ಲಿ ಗುಡಿಸಲುಗಳು ಉರಿದವು, ಗುಂಡಿನ ಸದ್ದೂ ಕೇಳಿತು. ತಿಂಗಳುಗಟ್ಟಲೆ ಉಪವಾಸವಿದ್ದ ಸಂಘ ಸೋತಿತು. ಇತ್ತ ಕಂಪನಿಯು ಕೂಲಿಕಾರರಿಗೆ ಮನೆಗಳನ್ನೂ ಅವರ ಮಕ್ಕಳಿಗೆ ಶಾಲೆಯನ್ನೂ ಒದಗಿಸಿತು, ತನ್ನದೇ ಕ್ಷೇಮಸಮಿತಿಯನ್ನು ರಚಿಸಿತು. ಇವು ಒಳ್ಳೆಯ ಕಾರ್ಯಗಳೇ, ಸಂದೇಹವಿಲ್ಲ. ಆದರೆ ಕೊಟ್ಟದ್ದನ್ನು ಪಡೆಯುವುದು ಬೇರೆ, ಕೇಳುವ ಹಕ್ಕು ಬೇರೆ.

ಮಾಲೀಕರ ಗೆಲುವೇ ಅವರಿಗೆ ತಿರುಗಿ ನಿಂತುದು ಈ ಚರಿತ್ರೆಯ ವಿಶೇಷ. ಹೈಕೋರ್ಟಿನ ತಡೆಯಾಜ್ಞೆಯು ದೇಶದ ಕಣ್ಣು ತೆರೆಸಿತು. 1921ರಲ್ಲಿ ಎನ್. ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ಸಂಘಗಳ ರಕ್ಷಣೆಗೆ ಕಾನೂನು ಬೇಕೆಂಬ ನಿರ್ಣಯವನ್ನು ಮಂಡಿಸಿದರು. 1926ರಲ್ಲಿ ಕಾರ್ಮಿಕ ಸಂಘಗಳ ಕಾಯಿದೆ ಅಂಗೀಕೃತವಾಯಿತು. ನೋಂದಾಯಿತ ಸಂಘದ ಮೇಲೆ ಮುಷ್ಕರದ ಕಾರಣಕ್ಕಾಗಿ ಅಂತಹ ದಾವೆ ಹೂಡಲು ಮುಂದೆ ಅವಕಾಶವುಳಿಯಲಿಲ್ಲ. ಆದರೂ ಸಂಘವನ್ನು ಮನ್ನಿಸಿ ಅದರೊಡನೆ ಮಾತನಾಡಲೇಬೇಕೆಂಬ ಕಟ್ಟಳೆಯನ್ನು ಆ ಕಾಯಿದೆ ಮಾಲೀಕನ ಮೇಲೆ ಹೊರಿಸಲಿಲ್ಲ. ಅದು ಬ್ರಿಟಿಷ್ ಇಂಡಿಯಾದ ಕಾಯಿದೆಯಾದುದರಿಂದ ಮೈಸೂರು ಸಂಸ್ಥಾನಕ್ಕೆ ಅನ್ವಯಿಸಲೂ ಇಲ್ಲ. ಅದೇ ಬಿನ್ನಿಯ ಬೆಂಗಳೂರಿನ ಕೂಲಿಕಾರರು ಕಾನೂನಿನ ಆಸರೆಗಾಗಿ 1940ರ ದಶಕದವರೆಗೆ ಕಾಯಬೇಕಾಯಿತು.

ಪೆರಂಬೂರಿನ ಗಿರಣಿಗಳು 1996ರಲ್ಲಿ ಮುಚ್ಚಿದವು. ಬೆಂಗಳೂರಿನದೂ ಈಗಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಸಂಘವೆಂಬ ಮಾತಿನ ಬೆಲೆ ತಿಳಿಯದ್ದಲ್ಲ. ನಾಲ್ವರು ಕಲೆತು ಒಂದೆಡೆ ಕುಳಿತುಕೊಳ್ಳುವುದೂ ಒಮ್ಮೆ ಅಪರಾಧವೆನಿಸಿತ್ತು, ಅದನ್ನು ಹಕ್ಕನ್ನಾಗಿ ಮಾಡಿದವರು ಅರ್ಧ ಗಂಟೆಯಲ್ಲಿ ಬುತ್ತಿ ಉಂಡೇಳುತ್ತಿದ್ದ ಕೂಲಿಕಾರರು. ಅವರನ್ನು ಈ ನಾಡಹಬ್ಬದಂದು ಸ್ಮರಿಸುವುದು ಉಚಿತ.