ಅಂಗಡಿ ನೌಕರರ ಸಂಬಳ: ಮಾಲೀಕರು ಮರೆಯಬಾರದ ಮೂರು ತಾರೀಖು 7, 15, 20

ಅಂಗಡಿಯಲ್ಲಿ ನಾಲ್ಕೈದು ಹುಡುಗರಿದ್ದಾಗ ಸಂಬಳ ಅಂದ್ರೆ ತಿಂಗಳ ಕೊನೆಗೆ ಗಲ್ಲಾದಿಂದ ತೆಗೆದು ಕೊಡುವ ದುಡ್ಡು, ಅಷ್ಟೇ. ವ್ಯಾಪಾರ ಬೆಳೆದು ಜನ ಹೆಚ್ಚಾದ ಹಾಗೆ ಇಎಸ್‌ಐ, ಪಿಎಫ್, ವೃತ್ತಿ ತೆರಿಗೆ ಒಂದೊಂದಾಗಿ ಬಂದು ಸೇರುತ್ತವೆ. ನೋಟಿಸ್ ಬಂದ ಮೇಲೆ ಲೆಕ್ಕ ಹುಡುಕುವುದಕ್ಕಿಂತ ಮೊದಲೇ ತಿಳಿದಿದ್ದರೆ ಮಾಲೀಕರಿಗೂ ಕ್ಷೇಮ, ಕೆಲಸದವರಿಗೂ ಕ್ಷೇಮ.

ಮೊದಲು ತಲೆ ಎಣಿಸಿ

ಹತ್ತು ಜನರಾದರೆ ಇಎಸ್‌ಐ, ಇಪ್ಪತ್ತು ಜನರಾದರೆ ಪಿಎಫ್. ಇದು ಮೂಲ ಲೆಕ್ಕ. ದಿನಗೂಲಿಯವರು, ಅರ್ಧ ದಿನ ಬರುವವರು, ಗುತ್ತಿಗೆ ಮೇಲೆ ಬಂದವರು ಎಲ್ಲರೂ ಈ ಎಣಿಕೆಗೆ ಸೇರುತ್ತಾರೆ. 'ನಮ್ಮಲ್ಲಿ ಪರ್ಮನೆಂಟ್ ಇರೋದು ಆರೇ ಜನ' ಎಂಬ ಮಾತು ನಡೆಯಲ್ಲ. ಕಾನೂನಿನ ವ್ಯಾಪ್ತಿಗೆ ಒಮ್ಮೆ ಬಂದ ಮೇಲೆ, ಮುಂದೆ ಜನ ಕಡಿಮೆಯಾದರೂ ಕಟ್ಟುವುದು ತಪ್ಪುವುದಿಲ್ಲ.

7: ಸಂಬಳ ಕೈಸೇರಬೇಕು

ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಬ್ಯಾಂಕ್ ಖಾತೆಗೆ ಹಾಕಿದರೆ ದಾಖಲೆ ಇರುತ್ತದೆ. ನಗದು ಕೊಟ್ಟರೆ ಸಹಿ ಹಾಕಿಸಿಕೊಳ್ಳಿ. ಹಾಜರಿ ಪುಸ್ತಕ, ಸಂಬಳದ ಪುಸ್ತಕ ಇಡಿ. ಎಷ್ಟು ಸಂಬಳ, ಯಾವುದಕ್ಕೆ ಎಷ್ಟು ಹಿಡಿದಿದೆ ಎಂಬ ಚೀಟಿಯನ್ನು ಪ್ರತಿಯೊಬ್ಬರಿಗೂ ಕೊಡಿ.

ಸಂಬಳದಿಂದ ಆದಾಯ ತೆರಿಗೆ ಹಿಡಿದಿದ್ದರೆ ಅದನ್ನು ಕಟ್ಟುವ ಗಡುವೂ ಮುಂದಿನ ತಿಂಗಳ 7. ಮಾರ್ಚ್ ತಿಂಗಳದ್ದಕ್ಕೆ ಮಾತ್ರ ಏಪ್ರಿಲ್ 30. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 12.75 ಲಕ್ಷ ರೂ. ವರೆಗಿನ ಸಂಬಳಕ್ಕೆ ತೆರಿಗೆ ಬೀಳದ ಕಾರಣ, ಸಣ್ಣ ಅಂಗಡಿಗಳಲ್ಲಿ ಈ ಪ್ರಸಂಗ ಬರುವುದು ಅಪರೂಪ.

15: ಇಎಸ್‌ಐ ಮತ್ತು ಪಿಎಫ್

ತಿಂಗಳಿಗೆ 21,000 ರೂ. ವರೆಗೆ ಸಂಬಳ ಇರುವವರಿಗೆ ಇಎಸ್‌ಐ ಅನ್ವಯ. ಮಾಲೀಕರ ಪಾಲು ಶೇ 3.25, ಕೆಲಸದವರ ಪಾಲು ಶೇ 0.75. ಉದಾಹರಣೆಗೆ, 12 ಜನರಿರುವ ಬಟ್ಟೆ ಅಂಗಡಿಯಲ್ಲಿ ಒಬ್ಬರಿಗೆ 14,000 ರೂ. ಸಂಬಳ ಎಂದುಕೊಳ್ಳಿ. ಮಾಲೀಕರು 455 ರೂ., ಕೆಲಸದವರು 105 ರೂ., ಒಟ್ಟು 560 ರೂ. 12 ಜನರಿಗೂ ಅಷ್ಟೇ ಸಂಬಳ ಇದ್ದರೆ ತಿಂಗಳಿಗೆ 6,720 ರೂ.

ಇಷ್ಟಕ್ಕೆ ಸಿಗುವುದು ಕಡಿಮೆ ಏನಲ್ಲ. ಕೆಲಸದವರಿಗೂ ಅವರ ಕುಟುಂಬಕ್ಕೂ ಚಿಕಿತ್ಸೆ ಇದೆ. ಕಾಯಿಲೆ ಬಿದ್ದರೆ, ನಿಗದಿತ ದಿನಗಳಷ್ಟು ವಂತಿಗೆ ಸಂದಾಯವಾಗಿದ್ದಲ್ಲಿ, ವರ್ಷಕ್ಕೆ 91 ದಿನದ ತನಕ ಕೂಲಿಯ ಶೇ 70ರಷ್ಟು ದುಡ್ಡು ಬರುತ್ತದೆ. ಕೆಲಸದ ವೇಳೆ ಅಪಘಾತವಾಗಿ ಮನೆಯಲ್ಲೇ ಉಳಿಯಬೇಕಾದರೆ ಶೇ 90.

ಪಿಎಫ್‌ಗೆ ಇಬ್ಬರ ಪಾಲೂ ಶೇ 12. ಈಗಿನ ಮಿತಿ 15,000 ರೂ. ಲೆಕ್ಕದಲ್ಲಿ ತಲಾ 1,800 ರೂ. ಮಾಲೀಕರ 1,800ರಲ್ಲಿ 1,250 ರೂ. ಪಿಂಚಣಿಗೆ, 550 ರೂ. ಪಿಎಫ್ ಖಾತೆಗೆ ಹೋಗುತ್ತದೆ. ಇದರ ಮೇಲೆ ವಿಮೆಗೆ ಶೇ 0.5, ಆಡಳಿತ ವೆಚ್ಚಕ್ಕೆ ಶೇ 0.5 ಮಾಲೀಕರೇ ಭರಿಸಬೇಕು. ಆಡಳಿತ ವೆಚ್ಚ ತಿಂಗಳಿಗೆ ಕನಿಷ್ಠ 500 ರೂ.

ಇಎಸ್‌ಐ, ಪಿಎಫ್ ಎರಡನ್ನೂ ಮುಂದಿನ ತಿಂಗಳ 15ರೊಳಗೆ ಆನ್‌ಲೈನ್‌ನಲ್ಲಿ ಕಟ್ಟಬೇಕು.

20: ವೃತ್ತಿ ತೆರಿಗೆ

ಕರ್ನಾಟಕದಲ್ಲಿ ತಿಂಗಳಿಗೆ 25,000 ರೂ. ಅಥವಾ ಅದಕ್ಕಿಂತ ಹೆಚ್ಚು ಸಂಬಳ ಪಡೆಯುವವರಿಗೆ ವೃತ್ತಿ ತೆರಿಗೆ ಇದೆ. ತಿಂಗಳಿಗೆ 200 ರೂ., ಫೆಬ್ರವರಿಯಲ್ಲಿ ಮಾತ್ರ 300 ರೂ., ವರ್ಷಕ್ಕೆ 2,500 ರೂ. ಮಾಲೀಕರು ಸಂಬಳದಲ್ಲಿ ಹಿಡಿದು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಅದಕ್ಕಿಂತ ಕಡಿಮೆ ಸಂಬಳದವರಿಂದ ಒಂದು ರೂಪಾಯಿಯನ್ನೂ ಹಿಡಿಯುವಂತಿಲ್ಲ.

ಹಿಡಿದ ದುಡ್ಡು ಮಾಲೀಕರದ್ದಲ್ಲ

ಬಹಳ ಮಂದಿ ಎಡವುವುದು ಇಲ್ಲೇ. ಸಂಬಳದಲ್ಲಿ ಹಿಡಿದ ದುಡ್ಡು ಗಲ್ಲಾದಲ್ಲೇ ಉಳಿದು, ಹಬ್ಬದ ಮಾಲಿಗೋ ಬಾಡಿಗೆಗೋ ಖರ್ಚಾಗುತ್ತದೆ. ಆ ದುಡ್ಡು ಕೆಲಸದವರದ್ದು. ಪಿಎಫ್ ಪಾಲನ್ನು ಹಿಡಿದು ಕಟ್ಟದಿರುವುದನ್ನು ಕಾನೂನು ನಂಬಿಕೆ ದ್ರೋಹ ಎಂದೇ ನೋಡುತ್ತದೆ. ತಡವಾದರೆ ಇಎಸ್‌ಐಗೂ ಪಿಎಫ್‌ಗೂ ವರ್ಷಕ್ಕೆ ಶೇ 12 ಬಡ್ಡಿ, ಜೊತೆಗೆ ದಂಡ.

ಇನ್ನೊಂದು ತಪ್ಪು, ಮಾಲೀಕರ ಪಾಲನ್ನೂ ಕೆಲಸದವರ ಸಂಬಳದಲ್ಲೇ ಮುರಿಯುವುದು. ಇದಕ್ಕೆ ಅವಕಾಶವೇ ಇಲ್ಲ.

ಇಎಸ್‌ಐ ವ್ಯಾಪ್ತಿಗೆ ಬಂದರೂ ನೋಂದಣಿ ಮಾಡಿಸದ ಅಂಗಡಿಯಲ್ಲಿ ಮೂಟೆ ಇಳಿಸುವಾಗ ಯಾರಾದರೂ ಬಿದ್ದು ಸೊಂಟ ಮುರಿದುಕೊಂಡರೆ, ಪರಿಹಾರದ ಮೊತ್ತವನ್ನು ಇಎಸ್‌ಐ ನಿಗಮ ಮಾಲೀಕರಿಂದಲೇ ವಸೂಲಿ ಮಾಡಬಹುದು. ತಿಂಗಳಿಗೆ 455 ರೂ. ಉಳಿಸಲು ಹೋದವರು ಲಕ್ಷಗಟ್ಟಲೆ ತೆರಬೇಕಾದೀತು.

ಕೆಲಸದವರು ಏನು ಮಾಡಬಹುದು?

ಪಿಎಫ್ ಇದ್ದವರು ಯುಎಎನ್ ನಂಬರ್ ಕೇಳಿ ಪಡೆಯಿರಿ. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡಿದರೆ ಪ್ರತಿ ತಿಂಗಳು ದುಡ್ಡು ಬಿದ್ದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಇಎಸ್‌ಐ ಇದ್ದವರು ವಿಮಾ ಸಂಖ್ಯೆ ಬರೆದಿಟ್ಟುಕೊಳ್ಳಿ, ಮನೆಯವರ ಹೆಸರು ಸೇರಿದೆಯಾ ನೋಡಿ. ಸಂಬಳದ ಚೀಟಿಯಲ್ಲಿ ಕಡಿತ ಇದ್ದು ಖಾತೆಯಲ್ಲಿ ಕಾಣದಿದ್ದರೆ ಮೊದಲು ಮಾಲೀಕರನ್ನು ಕೇಳಿ. ಸರಿಹೋಗದಿದ್ದರೆ ಆಯಾ ಕಚೇರಿಗೆ ಲಿಖಿತ ದೂರು ಕೊಡಿ. ಸಂಬಳವೇ ಬಾಕಿ ಉಳಿದಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಬಹುದು.