ಖುಲಾಸೆಯಾದ ಮೇಲೆ: ತಾಳವಾಡಿ ಸೀಮೆಗೆ ಟಾಡಾ ಕೈದಿಗಳು ಮರಳಿದ ಬಗೆ

ಗಡಿನಾಡು ಅಂದ ಕೂಡಲೇ ನಾವು ಶಾಲೆ, ಬೋರ್ಡು, ಮಾಧ್ಯಮ ಅಂತ ಶುರು ಮಾಡ್ತೀವಿ. ಇವತ್ತು ನಾನು ಆ ಗಡಿಯನ್ನು ಜೈಲಿನಿಂದ ವಾಪಸ್ಸು ಬಂದವರ ಕಡೆಯಿಂದ ನೋಡುವ ಪ್ರಯತ್ನ ಮಾಡ್ತೀನಿ.

ಮೊದಲು ಹಿನ್ನೆಲೆ. ಕೊಳ್ಳೇಗಾಲ, ತಾಳವಾಡಿ ಎರಡೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಈಗ ಅದು ಈರೋಡ್ ಜಿಲ್ಲೆಯಲ್ಲಿದೆ. ಬಹಳ ಮನೆಗಳಲ್ಲಿ ಮಾತು ಕನ್ನಡವೇ, ನೆಂಟಸ್ತನ ಚಾಮರಾಜನಗರದ ಕಡೆಗೇ.

1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ವೀರಪ್ಪನ್ ತಂಡ ಇಟ್ಟ ನೆಲಬಾಂಬಿಗೆ 22 ಮಂದಿ ಬಲಿಯಾದರು. ಆ ವರ್ಷಗಳಲ್ಲಿ ಎರಡೂ ರಾಜ್ಯಗಳ ಕಾಡಂಚಿನ ಊರುಗಳಿಂದ ಸೋಲಿಗರು, ಸಣ್ಣ ರೈತರು, ಕೂಲಿಗಳು ಬಂಧನಕ್ಕೊಳಗಾದರು. ನೂರಕ್ಕೂ ಹೆಚ್ಚು ಜನ ಟಾಡಾ ಕಾಯ್ದೆಯಡಿ ಮೈಸೂರು ಜೈಲು ಸೇರಿದರು, ಹೆಂಗಸರೂ ಇದ್ದರು. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತಿದ್ದ ಕಾಯ್ದೆ ಅದು, ಜಾಮೀನು ಸಿಗುವುದೂ ದುಸ್ತರ. 1995ರ ಮೇ ತಿಂಗಳಲ್ಲಿ ಅದರ ಅವಧಿ ಮುಗಿಯಿತು, ಆದರೆ ಹಾಕಿದ್ದ ಕೇಸುಗಳು ಮುಗಿಯಲಿಲ್ಲ.

2000ದ ಜುಲೈ 30ರಂದು ಇದೇ ತಾಳವಾಡಿ ಸೀಮೆಯ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ ಈ ಕೈದಿಗಳ ಬಿಡುಗಡೆಯೂ ಒಂದು ಬೇಡಿಕೆಯಾಗಿತ್ತು. ಸರ್ಕಾರ ಟಾಡಾ ಆರೋಪ ಕೈಬಿಡಲು ಹೊರಟಿತು, ಸುಪ್ರೀಂ ಕೋರ್ಟ್ ತಡೆಯಿತು. ಕೊನೆಗೆ 2001ರಲ್ಲಿ ವಿಶೇಷ ನ್ಯಾಯಾಲಯ ಹೆಚ್ಚಿನವರನ್ನು ಖುಲಾಸೆ ಮಾಡಿತು. ಅಷ್ಟರಲ್ಲಿ ಎಷ್ಟೋ ಜನರ ಏಳೆಂಟು ವರ್ಷ ಕಳೆದುಹೋಗಿತ್ತು.

ಸರಿ, ಬಂದವರನ್ನು ಯಾರು ನೋಡಿಕೊಂಡರು? ಬಿಡುಗಡೆಯಾದ ಕೈದಿಗಳಿಗೆ ನೆರವಾಗುವ ಸಂಘಗಳು ಬ್ರಿಟಿಷರ ಕಾಲದಿಂದಲೂ ಇದ್ದವು. ಆದರೆ ಅವುಗಳ ಕಲ್ಪನೆಯಲ್ಲಿದ್ದವನು ಶಿಕ್ಷೆ ಮುಗಿಸಿ ಸುಧಾರಿಸಬೇಕಾದ ಅಪರಾಧಿ. ತಪ್ಪೇ ರುಜುವಾತಾಗದವನಿಗೆ ಅಲ್ಲಿ ಜಾಗವಿರಲಿಲ್ಲ. ಹಾಗಾಗಿ ಭಾರ ಬಿದ್ದದ್ದು ಮನೆಯವರ ಮೇಲೆ, ಊರಿನ ಮೇಲೆ.

ನಾನು ಮಾತಾಡಿಸಿದ ಹಿರಿಯರೊಬ್ಬರ ಹೊಲವನ್ನು ಅಷ್ಟು ವರ್ಷ ತಮ್ಮ ಉಳುತ್ತಿದ್ದ. ಇವರು ಬಂದ ವರ್ಷವೇ ಬಿಟ್ಟುಕೊಟ್ಟ. ಬಿತ್ತನೆ ರಾಗಿ ಪಕ್ಕದ ಮನೆಯದು. "ಊರೋರು ಏನಂದ್ರು ತಾತ?" ಅಂತ ಕೇಳಿದೆ.

"ಏನೂ ಕೇಳ್ನಿಲ್ಲ ಕಣ್ ಮಗಾ. ಒಳಗ ಏನಾಯ್ತು, ಯಾರ್ ಹೊಡುದ್ರು, ಒಂದೂ ಕೇಳ್ನಿಲ್ಲ. ಅದೇ ನಂಗ ದೊಡ್ದು" ಅಂದರು.

ಟಿಪ್ಪಣಿ ಬರೆಯುವಾಗ ನಾನು ಇದನ್ನು 'ಮೌನದ ಆಸರೆ' ಅಂತ ಕರೆದುಕೊಂಡು ಖುಷಿಪಟ್ಟಿದ್ದೆ. ಆಮೇಲೆ ಆ ಪದವೇ ಕಾಡಲು ಶುರುವಾಯ್ತು. ಯಾಕೆಂದರೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ಬೇಕಾಗಿದ್ದು ಮೌನವಲ್ಲ, ಹೇಳಿಕೆ. 2007ರಲ್ಲಿ ಆಯೋಗ 89 ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಶಿಫಾರಸು ಮಾಡಿತು. ಮಾತಾಡಿದವರ ನೋವು ದಾಖಲೆಗೆ ಹೋಯಿತು. ಮರ್ಯಾದೆಗೋ ಭಯಕ್ಕೋ ಬಾಯಿ ಮುಚ್ಚಿಕೊಂಡವರದ್ದು ಹೊರಗೇ ಉಳಿಯಿತು. ಊರು ಕೊಟ್ಟ ಆಸರೆಯೇ ಪರಿಹಾರಕ್ಕೆ ಅಡ್ಡ ಬಂದಂತಾಯಿತು.

ಇಲ್ಲಿ ಎರಡನೆಯ ಬಗೆಯ ಬೆಂಬಲ ಮುಖ್ಯವಾಗುತ್ತದೆ: ಜನರನ್ನು ಕೂರಿಸಿ ಮಾತಾಡಿಸಿದ ವಕೀಲರು, ಹಕ್ಕು ಸಂಘಟನೆಗಳ ಕಾರ್ಯಕರ್ತರು. ಅಂಥ ವಕೀಲರಲ್ಲೊಬ್ಬರಾದ ಬಾಲಮುರುಗನ್ ತಮಿಳಿನಲ್ಲಿ ಬರೆದ 'ಸೋಳಗರ್ ತೊಟ್ಟಿ' ಕಾದಂಬರಿ ಸೋಲಿಗರು ಪಟ್ಟ ಪಾಡನ್ನು ಹೊರಗಿನವರಿಗೆ ತಿಳಿಸಿತು.

ಕೊನೆಯ ಮಾತು. ತಪ್ಪಾಗಿ ಜೈಲು ಸೇರಿದವರಿಗೆ ಪರಿಹಾರ ಮತ್ತು ಪುನರ್ವಸತಿ ಕೊಡಲು ಕಾನೂನು ಚೌಕಟ್ಟು ಬೇಕು ಅಂತ ಕಾನೂನು ಆಯೋಗ 2018ರಲ್ಲಿ, ತನ್ನ 277ನೇ ವರದಿಯಲ್ಲಿ ಹೇಳಿತು. ಅದಕ್ಕೂ ಹದಿನೇಳು ವರ್ಷ ಮೊದಲೇ ಈ ಜನ ಮನೆಗೆ ಬಂದಾಗಿತ್ತು. ನಾವು 'ಸಮುದಾಯದ ಬೆಂಬಲ'ವನ್ನು ಹೊಗಳುವಾಗ ಸ್ವಲ್ಪ ಎಚ್ಚರ ಬೇಕು. ಪಕ್ಕದ ಮನೆಯವರು ಬಿತ್ತನೆ ರಾಗಿ ಕೊಟ್ಟದ್ದು ದೊಡ್ಡ ಗುಣ. ಆದರೆ ಆ ಸಾಲ ತೀರಿಸಬೇಕಾಗಿದ್ದು ಆ ತಾತ ಅಲ್ಲ, ಎರಡು ಸರ್ಕಾರಗಳು. ಚರ್ಚೆಗೆ ಇದನ್ನೇ ಮುಂದಿಡುತ್ತೇನೆ.